ಒಂದು ಶಬ್ದದ ಫೋಟೋ ಸಾಲದು

ಹಳೆ ಆಧಾರ, ಅಂದರೆ ಜಮೀನು-ಆಸ್ತಿಯ ಕಾಗದಪತ್ರ, ಓದಿಸಲು ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಆಧಾರವನ್ನೇ ತರುವುದಿಲ್ಲ. ಫೋನಿನಲ್ಲಿ ಒಂದು ಫೋಟೋ ಇರುತ್ತದೆ. ಅದರಲ್ಲೂ ತಮಗೆ ಬೇಕಾದ ಶಬ್ದವನ್ನು ಮಾತ್ರ ಕತ್ತರಿಸಿ, ದೊಡ್ಡದು ಮಾಡಿ ಇಟ್ಟಿರುತ್ತಾರೆ. "ಇದೊಂದು ಹೆಸರು ಓದಿ ಅಣ್ಣಾ, ಬೇರೇನೂ ಬೇಡ." ಬೇರೇನೂ ಇಲ್ಲದೆ ಆ ಹೆಸರನ್ನು ಓದಲು ಆಗುವುದಿಲ್ಲ ಅಂದರೆ, ಇವನಿಗೆ ಓದಲು ಬರುವುದಿಲ್ಲ ಅಂದುಕೊಂಡು ಎದ್ದು ಹೋಗುತ್ತಾರೆ.

ನಮ್ಮ ಕಾಸರಗೋಡು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡದ ತಾಲೂಕು, ಆಮೇಲೆ ಕೇರಳಕ್ಕೆ ಸೇರಿತು. ಹಾಗಾಗಿ ಅಜ್ಜಂದಿರ ಕಾಲದ ಗೇಣಿಚೀಟು, ಪಾಲುಪಟ್ಟಿ, ವೀಲುನಾಮೆ (ಉಯಿಲು) ಬಹಳಷ್ಟು ಕನ್ನಡದಲ್ಲೇ ಇವೆ, ಅದೂ ಮೋಡಿ ಅಕ್ಷರದಲ್ಲಿ, ಅಂದರೆ ಕೂಡಿಸಿ ಬರೆದ ಓಟದ ಕೈಬರಹದಲ್ಲಿ. ಈಗ ಆಫೀಸಿಗೆ ಅದರ ಮಲಯಾಳ ಬೇಕು. ಇದಿಷ್ಟು ಎಲ್ಲರಿಗೂ ಗೊತ್ತು.

ಗೊತ್ತಿಲ್ಲದ್ದು ಇದು. ಅವಸರದಲ್ಲಿ ಕೂಡಿಸಿ ಬರೆಯುವವನು ಅಕ್ಷರವನ್ನು ಪೂರ್ತಿ ಬರೆಯುವುದಿಲ್ಲ. ಕೈ ಓಡುವಾಗ ಏನನ್ನಾದರೂ ಬಿಡುತ್ತದೆ. ಬಿಟ್ಟದ್ದನ್ನು ಓದುವವನು ಅದೇ ಕಾಗದದ ಬೇರೆ ಕಡೆಯಿಂದ ತಂದು ತುಂಬಿಸಬೇಕು. ಯಾವ ಲಿಪಿಯಾದರೂ ಹೀಗೆಯೇ, ಬಿಡುವ ಅಂಶ ಮಾತ್ರ ಬೇರೆ. ಮರಾಠಿಯ ಮೋಡಿ ಲಿಪಿಯಲ್ಲಿ ಮೊದಲು ಸಾಲಿನುದ್ದಕ್ಕೂ ತಲೆಗೆರೆ ಎಳೆದು, ಅದರ ಕೆಳಗೆ ಬರೆದುಕೊಂಡು ಹೋಗುತ್ತಿದ್ದರು. ಹ್ರಸ್ವ ಇಕಾರಕ್ಕೂ ದೀರ್ಘಕ್ಕೂ ಸಾಮಾನ್ಯವಾಗಿ ವ್ಯತ್ಯಾಸವಿಲ್ಲ, ಶಬ್ದಗಳ ನಡುವೆ ಜಾಗವೂ ಇಲ್ಲ. ಪಾರ್ಸಿಯ ಶಿಕಸ್ತಾ ಎಂಬ ಓಟದ ಬರಹದಲ್ಲಿ ಚುಕ್ಕಿಗಳು ಹೋಗುತ್ತವೆ, ಸೇರಬಾರದ ಅಕ್ಷರಗಳು ಸೇರುತ್ತವೆ. ರಷ್ಯನ್ನರು ಕೂಡಿಸಿ ಬರೆದ 'ತ' ಇಂಗ್ಲಿಷಿನ ಸಣ್ಣ 'ಎಂ' ಥರ ಕಾಣುತ್ತದೆ. ಜಪಾನಿನ ಹಿರಗಾನ ಹುಟ್ಟಿದ್ದೇ ಚೀನೀ ಅಕ್ಷರಗಳನ್ನು ಹೀಗೆ ಬೇಗ ಬೇಗ ಬರೆದು. ಅರಬಿಯ ಮಾತು ಬೇರೆ. ಅಲ್ಲಿ ಅಚ್ಚಿನಲ್ಲೂ ಅಕ್ಷರಗಳು ಕೂಡಿಯೇ ಇರುತ್ತವೆ. ಆದರೂ ಅಲಿಫ್, ದಾಲ್, ರಾ ಮುಂತಾದ 6 ಅಕ್ಷರಗಳು ಮುಂದಿನದಕ್ಕೆ ಸೇರುವುದಿಲ್ಲ. ಮದ್ರಸಕ್ಕೆ ಹೋಗುವ ನಮ್ಮೂರಿನ ಮಕ್ಕಳಿಗೆ ಇದು ನನಗಿಂತ ಚೆನ್ನಾಗಿ ಗೊತ್ತು.

ನಮ್ಮ ಕನ್ನಡದಲ್ಲಿ ಮೊದಲು ಮಾಯವಾಗುವುದು ಧ, ಭಗಳ ಹೊಟ್ಟೆಯ ಸೀಳು. ಆಮೇಲೆ ತಲೆಕಟ್ಟು, ದೀರ್ಘ. ಒತ್ತಕ್ಷರವಂತೂ ಇಳಿದು ಕೆಳಗಿನ ಸಾಲಿನ ತಲೆ ಮೇಲೆ ಕೂತಿರುತ್ತದೆ. ನೀವು ಕತ್ತರಿಸಿ ಕಳಿಸಿದ ತುಂಡಿನಲ್ಲಿ ಕಾಣುವ ಆ ಕೊಂಡಿ ಈ ಸಾಲಿನದ್ದೋ ಮೇಲಿನದ್ದೋ? ನಾನು ಹೇಗೆ ಹೇಳಲಿ?

ಕುಂಬಳೆ ಕಡೆಯ ಒಂದು ಮನೆಯವರು ಪಾಲುಪಟ್ಟಿಯ ಇಂಥದ್ದೇ ತುಂಡು ಕಳಿಸಿದ್ದರು. ಹೆಸರು ಸುಬ್ಬಪ್ಪನೋ ಸುಬ್ಬಮ್ಮನೋ ಎಂದು ದಾಯಾದಿಗಳಲ್ಲಿ ಮಾತು ಬಿಟ್ಟುಹೋಗಿತ್ತು. ಎರಡನ್ನೂ ಓದಬಹುದಿತ್ತು, ಹಾಗೇ ಹೇಳಿದೆ. ಸಿಟ್ಟಾದರು. ಕೊನೆಗೆ ಆ ಮನೆಯ ಅಜ್ಜಿಯೇ ಇಡೀ ಕಾಗದವನ್ನು ಸೀರೆಯ ತುಂಡಿನಲ್ಲಿ ಸುತ್ತಿ ತಂದರು, ಜೊತೆಗೆ ನನಗೆ ನಾಲ್ಕು ಹಲಸಿನ ಹಪ್ಪಳ. ಎರಡನೇ ಪುಟದಲ್ಲಿ "ಸದ್ರಿಯವಳ ಪಾಲಿಗೆ", ಅಂದರೆ ಮೇಲೆ ಹೇಳಿದವಳ ಪಾಲಿಗೆ, ಎಂದು ಸ್ಪಷ್ಟವಾಗಿತ್ತು; ಹಾಗಾಗಿ ಅದು ಸುಬ್ಬಮ್ಮನೇ. ಹಿಂಬದಿಯಲ್ಲಿ ನೋಂದಣಿ ಷರಾ ಬೇರೆಯವರ ಕೈಬರಹದಲ್ಲಿತ್ತು, ಅಲ್ಲಿ ಆಕೆಯ ಗಂಡನ ಹೆಸರೂ ಇತ್ತು. ಹೆಸರಿನ ಅಕ್ಷರವನ್ನು ಎಷ್ಟು ದೊಡ್ಡದು ಮಾಡಿದರೂ ಈ ಉತ್ತರ ಸಿಗುತ್ತಿರಲಿಲ್ಲ.

ಅಂಕೆಗಳಿಗೂ ಇದೇ ದಾರಿ. ಗೇಣಿ ಅಕ್ಕಿಯ ಲೆಕ್ಕದಲ್ಲಿ ಕಳಸೆ ಎಂಬ ಅಳತೆಯ ಮುಂದೆ ಇರುವುದು ೨ ಅಥವಾ ೩, ನಡುವಿನ ಮಡಿಕೆ ಅಳಿಸಿಹೋಗಿದೆ ಅನ್ನಿ. ಇಲ್ಲಿನ ರೂಢಿಯ ಲೆಕ್ಕದಲ್ಲಿ 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ. ಮೂರಾಗಿದ್ದರೆ ಮುಡಿ ಅಂತಲೇ ಬರೆಯುತ್ತಿದ್ದರು, ಅಲ್ವಾ? ಹಾಗಾಗಿ ಅದು ೨ ಇರಬೇಕು. ಆಣೆಯೂ ಹಾಗೇ, 15 ದಾಟಿದರೆ ರೂಪಾಯಿ. ಆದರೆ ಈ ಲೆಕ್ಕ ಹಾಕಲು ಕಳಸೆ ಎಂಬ ಶಬ್ದವಾದರೂ ಫೋಟೋದಲ್ಲಿ ಇರಬೇಕಲ್ಲ!

ನಾನು ಹೇಳುವುದು ಬರೆದದ್ದು ಏನಿರಬಹುದು ಎಂದಷ್ಟೇ. ಹಕ್ಕು ಯಾರದ್ದು ಎಂಬುದಕ್ಕೆ ವಕೀಲರಿದ್ದಾರೆ. ಎರಡು ರೀತಿ ಓದಬಹುದಾದಲ್ಲಿ ಎರಡನ್ನೂ ಬರೆದು ಕೊಡುತ್ತೇನೆ, ಒತ್ತಾಯ ಮಾಡಬೇಡಿ. ರಿಜಿಸ್ಟ್ರಿ ನಕಲು ಇದೆಯಲ್ಲ ಅನ್ನುವವರಿಗೆ ಒಂದು ಮಾತು: ಹಳೆ ನಕಲುಗಳೂ ಗುಮಾಸ್ತರೊಬ್ಬರು ಮೂಲವನ್ನು ಓದಿ ಕೈಯಲ್ಲಿ ಬರೆದವು. ಸಿಕ್ಕಿದರೆ ಎರಡನ್ನೂ ತನ್ನಿ.

ಫೋಟೋವೇ ಕಳಿಸುವುದಾದರೆ ಬಾಗಿಲ ಬೆಳಕಿನಲ್ಲಿ ಇಡೀ ಹಾಳೆ ತೆಗೆಯಿರಿ, ಫ್ಲ್ಯಾಶ್ ಬೇಡ. ಹಿಂಬದಿ, ಅಂಚು, ಖಾಲಿ ಅಂತ ಕಾಣುವ ಪುಟ ಎಲ್ಲವೂ ಬೇಕು. ಲ್ಯಾಮಿನೇಶನ್ ಮಾಡಿಸಬೇಡಿ. ಮಾಸಿದ ಅಕ್ಷರದ ಮೇಲೆ ಬಾಲ್‌ಪೆನ್ನಿನಿಂದ ತಿದ್ದಬೇಡಿ. ತಿದ್ದಿದ ಮೇಲೆ ನನಗೆ ಕಾಣುವುದು ನಿಮ್ಮ ಅಕ್ಷರ, ಅಜ್ಜನದ್ದಲ್ಲ.