ಮೊದಲ ಬ್ಯಾಚಿನ ರಿವಾಲ್ವರ್‌ಗೆ ಯಾಕಷ್ಟು ಬೆಲೆ?

1847ರಲ್ಲಿ ಸ್ಯಾಮ್ಯುಯೆಲ್ ಕೋಲ್ಟ್ ಅಮೆರಿಕದ ಸೇನೆಗೆ 1,000 ರಿವಾಲ್ವರ್ ಮಾಡಿಕೊಡಲು ಒಪ್ಪಿಕೊಂಡಾಗ ಆತನ ಕೈಯಲ್ಲಿ ಸ್ವಂತ ಕಾರ್ಖಾನೆಯೇ ಇರಲಿಲ್ಲ. ನ್ಯೂಜೆರ್ಸಿಯ ಪ್ಯಾಟರ್ಸನ್‌ನಲ್ಲಿ 1836ರಲ್ಲಿ ಶುರು ಮಾಡಿದ್ದ ಮೊದಲ ಕಂಪನಿ 1842ಕ್ಕೇ ಮುಳುಗಿತ್ತು. ಹಾಗಾಗಿ ಕನೆಕ್ಟಿಕಟ್‌ನ ಎಲಿ ವಿಟ್ನಿ ಜೂನಿಯರ್ ಕಾರ್ಖಾನೆಯಲ್ಲಿ ಕೆಲಸ ನಡೆಯಿತು. ವಿನ್ಯಾಸಕ್ಕೆ ಸಲಹೆ ಕೊಟ್ಟವರು ಟೆಕ್ಸಸ್ ರೇಂಜರ್ಸ್‌ನಲ್ಲಿದ್ದ ಕ್ಯಾಪ್ಟನ್ ಸ್ಯಾಮ್ಯುಯೆಲ್ ವಾಕರ್, ಆದ್ದರಿಂದ ಆ ಗನ್‌ಗೆ ವಾಕರ್ ಅನ್ನೋ ಹೆಸರೇ ಉಳಿಯಿತು. ತೂಕ ಸುಮಾರು 2 ಕೆಜಿ. ಗುಂಡು ಹಾರಿಸಿದ ಕೂಡಲೇ ಬ್ಯಾರಲ್ ಕೆಳಗಿನ, ಗುಂಡು ಒತ್ತಿ ತುಂಬುವ ಲಿವರ್ ಕಳಚಿ ಜೋತು ಬೀಳುತ್ತಿತ್ತು. ಮದ್ದು ಜಾಸ್ತಿ ತುಂಬಿದರೆ ಸಿಲಿಂಡರೇ ಒಡೆಯುತ್ತಿತ್ತು. ಮುಂದಿನ ಮಾದರಿ ಬರುವಷ್ಟರಲ್ಲಿ ಸಿಲಿಂಡರ್, ಬ್ಯಾರಲ್ ಎರಡನ್ನೂ ಗಿಡ್ಡ ಮಾಡಿ, ಲಿವರ್‌ಗೆ ಗಟ್ಟಿ ಕೊಂಡಿ ಹಾಕಿದರು.

ಇಷ್ಟೆಲ್ಲ ದೋಷವಿದ್ದ ಆ ಮಾದರಿಯದೇ ಒಂದು ಗನ್ 2018ರಲ್ಲಿ ಅಮೆರಿಕದ ಹರಾಜಿನಲ್ಲಿ 18.4 ಲಕ್ಷ ಡಾಲರ್‌ಗೆ ಹೋಯಿತು. ಸೇನೆಯ 1,000ದ ಜೊತೆಗೆ ಖಾಸಗಿ ಮಾರಾಟಕ್ಕೆಂದು ಮಾಡಿದ್ದ ಸುಮಾರು 100ರಲ್ಲಿ ಅದೂ ಒಂದು, ಮೂಲ ಪೆಟ್ಟಿಗೆಯ ಸಮೇತ ಉಳಿದಿತ್ತು.

ಮೊದಲ ಮಾಲು ಅಂದ್ರೆ ಕಾರ್ಖಾನೆ ಇನ್ನೂ ಕಲಿಯುತ್ತಿದ್ದಾಗಿನ ಮಾಲು. ತಪ್ಪುಗಳು ಅದರಲ್ಲೇ ಜಾಸ್ತಿ. ಆದರೆ ಸಂಗ್ರಹಕಾರರು ಹುಡುಕೋದು ಆ ತಪ್ಪುಗಳನ್ನೇ, ಯಾಕಂದ್ರೆ ಆಮೇಲೆ ತಿದ್ದಿದ ತಪ್ಪು ಬರೀ ಕಣ್ಣಿಗೇ ಕಾಣುವ ಗುರುತಾಗುತ್ತದೆ. ಕೋಲ್ಟ್‌ನ 1851ರ ನೇವಿ ಮಾದರಿ ನೋಡಿ. ಹಾರ್ಟ್‌ಫರ್ಡ್‌ನಲ್ಲಿ 2 ಲಕ್ಷಕ್ಕೂ ಹೆಚ್ಚು ತಯಾರಾದ ಗನ್ ಅದು, ಅಪರೂಪದ್ದೇನಲ್ಲ. ಆದರೆ ಮೊದಲ ಸುಮಾರು 4,200 ಗನ್‌ಗಳಲ್ಲಿ ಟ್ರಿಗರ್ ಗಾರ್ಡ್‌ನ (ಟ್ರಿಗರ್ ಸುತ್ತಲಿನ ಬಳೆಯ) ಹಿಂಭಾಗ ಚೌಕಾಕಾರದಲ್ಲಿದೆ, ಆಮೇಲಿನವುಗಳಲ್ಲಿ ದುಂಡಗೆ. ಆ 4,200ರೊಳಗೂ ಮೊದಲ 1,250ರ ಆಸುಪಾಸಿನವರೆಗೆ ಬ್ಯಾರಲ್ಲನ್ನು ಗನ್‌ಗೆ ಬಿಗಿಯುವ ಬೆಣೆಯನ್ನು ಹಿಡಿಯುವ ಸ್ಕ್ರೂ ಬೆಣೆಯ ಕೆಳಗಿದೆ, ನಂತರ ಮೇಲಕ್ಕೆ ಹೋಯಿತು. ಒಂದು ಸ್ಕ್ರೂ ಅರ್ಧ ಬೆರಳು ಮೇಲೆ ಹೋದದ್ದಕ್ಕೆ ಬೆಲೆ ಬದಲಾಗುತ್ತದೆ ಅಂದ್ರೆ ಹೊರಗಿನವರು ನಗ್ತಾರೆ. ಆದರೆ ಇಡೀ ಹವ್ಯಾಸ ನಿಂತಿರೋದೇ ಇಂಥ ಸ್ಕ್ರೂಗಳ ಮೇಲೆ.

ಇನ್ನೊಂದು ಗನ್ ಕಂಪನಿ ಸ್ಮಿತ್ ಅಂಡ್ ವೆಸನ್ ಕಥೆಯಲ್ಲಿ ಪೇಟೆಂಟ್ ಜಗಳವೂ ಸೇರಿಕೊಂಡಿದೆ. ಸಿಲಿಂಡರ್‌ನ ತೂತು ಈ ಕಡೆಯಿಂದ ಆ ಕಡೆಗೆ ಪೂರ್ತಿ ಹಾಯುವಂತೆ ಕೊರೆದು, ಹಿಂದಿನಿಂದ ತೋಟಾ ತುಂಬುವ ಪೇಟೆಂಟ್ ರೋಲಿನ್ ವೈಟ್ ಎಂಬಾತನ ಹೆಸರಲ್ಲಿ 1855ರಲ್ಲಿ ಆಗಿತ್ತು. ಕಂಪನಿ ಪ್ರತಿ ಗನ್‌ಗೆ 25 ಸೆಂಟ್ ಕೊಡುವ ಒಪ್ಪಂದ ಮಾಡಿಕೊಂಡು 1857ರಲ್ಲಿ ಮಾಡೆಲ್ 1 ತಂದಿತು. ಒಪ್ಪಂದದಲ್ಲಿ ಒಂದು ಚಾಲಾಕಿ ಷರತ್ತಿತ್ತು: ಪೇಟೆಂಟ್ ಕದ್ದವರ ಮೇಲೆ ಕೇಸು ಹಾಕಿ ಹೋರಾಡುವ ಹೊಣೆ ವೈಟ್‌ನದ್ದು. ಆತ ಕೋರ್ಟು ಕೋರ್ಟು ಅಲೆದ. 1869ರಲ್ಲಿ ಅವಧಿ ಮುಗಿದಾಗ ವಿಸ್ತರಣೆ ಕೇಳಿದ, ಸಂಸತ್ತು ಒಪ್ಪಿದರೂ ಅಧ್ಯಕ್ಷ ಗ್ರಾಂಟ್ 1870ರ ಜನವರಿಯಲ್ಲಿ ವೀಟೋ ಹಾಕಿದರು. ಇದರಿಂದ ಸಂಗ್ರಹಕಾರರಿಗೆ ಸಿಕ್ಕಿದ್ದು ಮೂರು ಬೇರೆ ಬೇರೆ ಬೇಟೆ. ಒಂದು, 1860ರವರೆಗೆ ಸುಮಾರು 11,000ಕ್ಕೂ ಹೆಚ್ಚು ತಯಾರಾದ ಮಾಡೆಲ್ 1ರ ಮೊದಲ ಆವೃತ್ತಿ. ಅದರಲ್ಲೇ ಚಿಕ್ಕಪುಟ್ಟ ಬದಲಾವಣೆ ಹಿಡಿದು ಆರು ಉಪಮಾದರಿ ಗುರುತಿಸಿದ್ದಾರೆ, ಮೊದಲನೆಯದು ಸಿಗೋದೇ ಕಷ್ಟ. ಎರಡು, ಪೇಟೆಂಟ್ ತಪ್ಪಿಸಲು ಬೇರೆ ಕಂಪನಿಗಳು ಮಾಡಿದ ವಿಚಿತ್ರ ವಿನ್ಯಾಸಗಳು. ಮೂರು, ಪೇಟೆಂಟ್ ಮುಗಿದ ಮೇಲೆ ಕೋಲ್ಟ್ ಮದ್ದು, ಗುಂಡು ಬೇರೆ ಬೇರೆಯಾಗಿ ತುಂಬುವ ತನ್ನ ಹಳೆಯ ಮಾದರಿಗಳನ್ನು ತೋಟಾಕ್ಕೆ ಬದಲಾಯಿಸಿ ಮಾರಿದ ರಿವಾಲ್ವರ್‌ಗಳು.

ಇನ್ನು ಎಲ್ಲರಿಗೂ ಗೊತ್ತಿರುವ 1873ರ ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿ, ಅಂದ್ರೆ ಪ್ರತಿ ಗುಂಡಿಗೂ ಮೊದಲು ಹ್ಯಾಮರ್ ಅನ್ನು ಬೆರಳಿಂದ ಹಿಂದಕ್ಕೆಳೆಯಬೇಕಾದ ರಿವಾಲ್ವರ್. ಸೇನೆಯ ಮೊದಲ ಆರ್ಡರ್ 8,000, ಒಂದಕ್ಕೆ 13 ಡಾಲರ್. ಮೊದಲ 150ರ ಆಸುಪಾಸಿನ ಗನ್‌ಗಳಲ್ಲಿ ಫ್ರೇಮ್‌ನ ಮೇಲ್ಭಾಗ ಹಿಂದೆ ಚಿವುಟಿದಂತೆ ಸಣ್ಣಗಾಗುತ್ತದೆ, ಗುರಿ ನೋಡೋಕೆ ಅಂತ. ಆಮೇಲೆ ಅದನ್ನು ಬಿಟ್ಟರು. ಆದರೆ ಇಲ್ಲಿ ಚಿವುಟಿದ ಫ್ರೇಮ್‌ಗಿಂತ ಜಾಸ್ತಿ ಜನ ಹಿಂದೆ ಬಿದ್ದಿರೋದು ಓ. ಡಬ್ಲ್ಯೂ. ಐನ್ಸ್‌ವರ್ತ್ ಎಂಬ ಸೇನಾ ತಪಾಸಣೆಗಾರನ ಮುದ್ರೆ. ಅಮೆರಿಕದ ಸೇನಾಧಿಕಾರಿ ಕಸ್ಟರ್‌ನ 7ನೇ ಅಶ್ವದಳಕ್ಕೆ ಹೋದ ಗನ್‌ಗಳಲ್ಲಿ ಈ ಮುದ್ರೆ ಇದೆ. 1876ರ ಜೂನ್ 25ರಂದು ಲಿಟಲ್ ಬಿಗ್‌ಹಾರ್ನ್ ಕಾಳಗದಲ್ಲಿ ಕಸ್ಟರ್ ಸತ್ತ ಮೇಲೆ ಆ ನಂಬರ್ ಸಾಲಿನ ಪ್ರತಿ ಗನ್‌ಗೂ ಒಂದು ಕಥೆ ಅಂಟಿಕೊಂಡಿತು, ಹಾಗೇ ನಕಲಿ ಮುದ್ರೆ ಒತ್ತುವವರಿಗೆ ಕೆಲಸವೂ ಸಿಕ್ಕಿತು.

ಆದರೆ ತಮಾಷೆ ಅಂದ್ರೆ, ಇವುಗಳಿಗೆ ತುಂಬಾ ಕಾಲ ಬೆಲೆಯೇ ಇರಲಿಲ್ಲ. ಸೇನೆಯೇ 1890ರ ದಶಕದಲ್ಲಿ ಇವನ್ನು ವಾಪಸ್ ತರಿಸಿ, ಏಳೂವರೆ ಇಂಚಿನ ಬ್ಯಾರಲ್ಲನ್ನು ಐದೂವರೆಗೆ ಕತ್ತರಿಸಿ ಮತ್ತೆ ಹಂಚಿತು. ರಿಪೇರಿಯಲ್ಲಿ ಒಂದರ ಬಿಡಿಭಾಗ ಇನ್ನೊಂದಕ್ಕೆ ಸೇರಿದವು ಎಷ್ಟೋ. ಅದಕ್ಕೇ ಆರ್ಟಿಲರಿ ಅಂತ ಕರೆಯುವ ಈ ಗನ್‌ಗಳಲ್ಲಿ ನಂಬರ್‌ಗಳು ಹೊಂದದೇ ಇರೋದು ಮಾಮೂಲು, ಬೇರೆ ಗನ್‌ನಲ್ಲಿ ಅದೇ ದೊಡ್ಡ ಕುಂದು. ಸೇನೆಗೆ ಬೇಡವಾದದ್ದನ್ನು ನ್ಯೂಯಾರ್ಕಿನ ಫ್ರಾನ್ಸಿಸ್ ಬ್ಯಾನರ್‌ಮನ್ ರಾಶಿಗಟ್ಟಲೆ ಕೊಂಡು ಅಂಚೆಯ ಮೂಲಕ ಮಾರುತ್ತಿದ್ದ. ಮಾಲು ಎಷ್ಟಾಯಿತೆಂದರೆ ದಾಸ್ತಾನಿಗೆಂದೇ 1900ರಲ್ಲಿ ಹಡ್ಸನ್ ನದಿಯ ಒಂದು ದ್ವೀಪ ಕೊಂಡ. ಮೊದಲ ತಲೆಮಾರಿನ ಎಷ್ಟೋ ಸಂಗ್ರಹಗಳಿಗೆ ಸರಕು ಸಿಕ್ಕಿದ್ದು ಇಂಥ ಗುಜರಿ ಬೆಲೆಯಲ್ಲೇ.

ಬೆಲೆ ಏರಿಸಿದ್ದು ಮುಖ್ಯವಾಗಿ ಎರಡು ಘಟನೆ ಅಂತ ನನ್ನ ಲೆಕ್ಕ. ಮೊದಲನೆಯದು, ಎರಡನೇ ಮಹಾಯುದ್ಧದ ಹೊತ್ತಿಗೆ ನಿಲ್ಲಿಸಿದ್ದ ಸಿಂಗಲ್ ಆಕ್ಷನ್ ಅನ್ನು ಕೋಲ್ಟ್ 1956ರಲ್ಲಿ ಮತ್ತೆ ಶುರು ಮಾಡಿದ್ದು. ಟಿವಿಯಲ್ಲಿ ಕೌಬಾಯ್ ಕಥೆಗಳ ಹುಚ್ಚು ಹತ್ತಿದ್ದ ಕಾಲ ಅದು. ಹೊಸವಕ್ಕೆ ನಂಬರಿನ ಕೊನೆಯಲ್ಲಿ ಎಸ್‌ಎ ಸೇರಿಸಿದರು. ಅಲ್ಲಿಯವರೆಗೆ ಬರೀ ಹಳೇ ಕೋಲ್ಟ್ ಆಗಿದ್ದದ್ದು ಒಂದೇ ಏಟಿಗೆ ಮೊದಲ ತಲೆಮಾರು ಆಯಿತು, ಸುಮಾರು 3,57,000 ಗನ್‌ಗಳು, ಇನ್ನು ಒಂದೂ ಹೆಚ್ಚಾಗದಂತೆ. ಎರಡನೆಯದು 1968ರ ಗನ್ ನಿಯಂತ್ರಣ ಕಾಯ್ದೆ. 1898 ಅಥವಾ ಅದಕ್ಕೂ ಮೊದಲು ತಯಾರಾದದ್ದನ್ನು ಅದು ಪುರಾತನ ವಸ್ತು ಅಂತ ಬೇರೆ ಇಟ್ಟಿತು. ಇವುಗಳ ಮಾರಾಟಕ್ಕೆ ಲೈಸೆನ್ಸ್ ಪಡೆದ ಡೀಲರ್ ಮೂಲಕವೇ ಹೋಗಬೇಕು ಅನ್ನೋ ಫೆಡರಲ್ ಕಟ್ಟಳೆ ಇಲ್ಲ, ರಾಜ್ಯಗಳ ಕಾನೂನು ಬೇರೆ. ಸಿಂಗಲ್ ಆಕ್ಷನ್‌ನಲ್ಲಿ ಈ ಗೆರೆ ಬೀಳೋದು ಸುಮಾರು 1,82,000ನೇ ನಂಬರಿನ ಹತ್ತಿರ. ಗೆರೆಯ ಈಚೆ ಆಚೆ ಇರುವ ಎರಡು ಗನ್‌ಗಳನ್ನು ಅಕ್ಕಪಕ್ಕ ಇಟ್ಟರೆ ಯಾರಿಗೂ ವ್ಯತ್ಯಾಸ ಗೊತ್ತಾಗಲ್ಲ, ಬೆಲೆ ಮಾತ್ರ ಬೇರೆ. ಇಲ್ಲಿ ಲೆಕ್ಕಕ್ಕೆ ಬರೋದು ಫ್ರೇಮ್ ತಯಾರಾದ ವರ್ಷ. ಸ್ಮಿತ್ ಅಂಡ್ ವೆಸನ್‌ನ .44 ಡಬಲ್ ಆಕ್ಷನ್ (ಟ್ರಿಗರ್ ಎಳೆದರೇ ಹ್ಯಾಮರ್ ಕೂಡ ಏಳುವ ಬಗೆ) 1913ರವರೆಗೂ ಮಾರಾಟದಲ್ಲಿತ್ತು, ಆದರೆ ಅದರ ಫ್ರೇಮ್‌ಗಳೆಲ್ಲ 1899ಕ್ಕೆ ಮೊದಲೇ ತಯಾರಾಗಿದ್ದವು. ಹಾಗಾಗಿ 1910ರಲ್ಲಿ ಅಂಗಡಿಗೆ ಬಂದದ್ದೂ ಪುರಾತನವೇ.

ಇದೇ ಕಾರಣಕ್ಕೆ ಸಣ್ಣ ಸೀರಿಯಲ್ ನಂಬರ್ ಕಂಡ ತಕ್ಷಣ ದುಡ್ಡು ಎಣಿಸುವವರನ್ನು ಕಂಡರೆ ನನಗೆ ಅಯ್ಯೋ ಅನಿಸುತ್ತದೆ. ನಂಬರ್ ಒತ್ತಿದ ಕ್ರಮವೇ ಬೇರೆ, ಗನ್ ಕಾರ್ಖಾನೆ ಬಿಟ್ಟು ಹೋದ ಕ್ರಮವೇ ಬೇರೆ. ನಂಬರ್ ಹಾಕಿದ ಫ್ರೇಮ್ ಡಬ್ಬದ ತಳದಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿಯುತ್ತಿತ್ತು. ಆದ್ದರಿಂದ ಕಂಪನಿಯ ದಾಖಲೆ ನೋಡಿ ಕೊಡುವ ಪತ್ರಕ್ಕೆ ಅಷ್ಟು ಬೇಡಿಕೆ. ಯಾವ ದಿನ, ಯಾವ ವ್ಯಾಪಾರಿಗೆ, ಎಷ್ಟು ಇಂಚಿನ ಬ್ಯಾರಲ್, ಯಾವ ಬಣ್ಣ, ಎಲ್ಲ ಅದರಲ್ಲಿ ಸಿಗಬಹುದು. ಆದರೆ ಕೋಲ್ಟ್‌ನ ಹಾರ್ಟ್‌ಫರ್ಡ್ ಕಾರ್ಖಾನೆಗೆ 1864ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದಿತ್ತು, ಅದಕ್ಕೂ ಹಿಂದಿನ ದಾಖಲೆ ಉಳಿದಿರೋದು ಚೂರುಪಾರು. ಅಂಥ ಗನ್‌ನಲ್ಲಿ ಲೋಹವನ್ನೇ ಓದಬೇಕು.

ಓದೋದು ಹೇಗೆ? ಮೂಲ ಬಣ್ಣ ಎಷ್ಟು ಉಳಿದಿದೆ ಅನ್ನೋದನ್ನು ಮೊದಲು ನೋಡುತ್ತಾರೆ. ಶೇ. 30ರಷ್ಟೇ ಉಳಿದಿದ್ದರೂ ಸರಿ, ಅದು ಕಾರ್ಖಾನೆಯದ್ದೇ ಆಗಿದ್ದರೆ ಹೊಸದಾಗಿ ಪೂರ್ತಿ ಬಣ್ಣ ಹೊಡೆಸಿದ ಗನ್‌ಗಿಂತ ಮೇಲು. ಮರುಪಾಲಿಶ್ ಸಿಕ್ಕಿಬೀಳೋದು ಅಂಚುಗಳಲ್ಲಿ: ಚೂಪಾಗಿರಬೇಕಾದ ಮೂಲೆ ದುಂಡಗಾಗಿರುತ್ತದೆ, ಸ್ಕ್ರೂ ತೂತಿನ ಸುತ್ತ ತಗ್ಗು ಬಿದ್ದಿರುತ್ತದೆ, ಅಕ್ಷರಗಳ ಆಳ ಒಂದು ಕಡೆ ಸರಿಯಿದ್ದು ಇನ್ನೊಂದು ಕಡೆ ಮಾಸಿರುತ್ತದೆ. ನೇವಿ ಮಾದರಿಯ ಸಿಲಿಂಡರ್ ಮೇಲೆ 1843ರ ಟೆಕ್ಸಸ್ ಮತ್ತು ಮೆಕ್ಸಿಕೋ ನೌಕಾ ಕಾಳಗದ ಚಿತ್ರವಿದೆ, ತೀರಾ ತೆಳುವಾಗಿ ಒತ್ತಿದ್ದು. ಪಾಲಿಶ್ ಮಾಡಿದರೆ ಮೊದಲು ಹೋಗೋದೇ ಹಡಗುಗಳು. ಹಿಂದೆ ಎಷ್ಟೋ ಜನ ಪ್ರೀತಿಯಿಂದಲೇ ಪಾಲಿಶ್ ಮಾಡಿಸಿದರು ಪಾಪ, ಬೆಲೆ ಕೆಡಿಸುತ್ತಿದ್ದೇವೆ ಅಂತ ಅವರಿಗೆ ಅನಿಸಿರಲಿಕ್ಕಿಲ್ಲ.

ಮೊದಲಿನದ್ದಾಗಿರಲೇಬೇಕು ಅಂತೇನೂ ಇಲ್ಲ ಅನ್ನೋದಕ್ಕೆ ದೊಡ್ಡ ಸಾಕ್ಷಿ 2021ರಲ್ಲಿ ಸಿಕ್ಕಿತು. ಬಿಲ್ಲಿ ದ ಕಿಡ್ ಎಂಬ ಕುಖ್ಯಾತ ಅಪರಾಧಿಯನ್ನು ಕೊಂದ ಶೆರಿಫ್ ಪ್ಯಾಟ್ ಗ್ಯಾರೆಟ್‌ನ ಸಿಂಗಲ್ ಆಕ್ಷನ್ ಬಾನಮ್ಸ್ ಹರಾಜಿನಲ್ಲಿ 60 ಲಕ್ಷ ಡಾಲರ್ ದಾಟಿತು. ಅದರ ನಂಬರ್ 55093. ಅಂದ್ರೆ ಮೊದಲ ಬ್ಯಾಚಿಗೂ ಅದಕ್ಕೂ ಸಂಬಂಧವೇ ಇಲ್ಲ. ಕೊಂಡವರು ದುಡ್ಡು ಕೊಟ್ಟಿದ್ದು ಒಂದು ಕೈಯಿಂದ ಇನ್ನೊಂದು ಕೈಗೆ ಹೋದದ್ದರ ಮುರಿಯದ ದಾಖಲೆಗೆ.

ಇಪ್ಪತ್ತನೇ ಶತಮಾನದ ಗನ್‌ಗಳಲ್ಲೂ ಇದೇ ಆಟ ಈಗ ಜೋರಾಗಿದೆ. 1935ರಲ್ಲಿ ಸ್ಮಿತ್ ಅಂಡ್ ವೆಸನ್ .357 ಮ್ಯಾಗ್ನಮ್ ತಂದಾಗ ಪ್ರತಿ ಗನ್‌ಗೂ ನೋಂದಣಿ ನಂಬರ್ ಹಾಕಿ, ಮಾಲೀಕರ ಹೆಸರಲ್ಲಿ ಪ್ರಮಾಣಪತ್ರ ಕೊಡುತ್ತಿತ್ತು. ಬೆಲೆ 60 ಡಾಲರ್, ಮೊದಲನೆಯದು ಎಫ್‌ಬಿಐನ ಜೆ. ಎಡ್ಗರ್ ಹೂವರ್‌ಗೆ. 1939ಕ್ಕೆ ಆ ಪದ್ಧತಿ ನಿಂತಿತು, ಈಗ ಆ ಕಾಗದ ಜೊತೆಗಿದ್ದರೆ ಗನ್‌ನ ಬೆಲೆಯೇ ಬೇರೆ. 1955ರ ಆಸುಪಾಸಿನ ತನಕ ಅದೇ ಕಂಪನಿಯ ಫ್ರೇಮ್‌ನಲ್ಲಿ ಐದು ಸ್ಕ್ರೂ ಇದ್ದವು, ಆಮೇಲೆ ನಾಲ್ಕಾಗಿ, 1961ರ ಹೊತ್ತಿಗೆ ಮೂರಾದವು. .44 ಮ್ಯಾಗ್ನಮ್ ಬಂದದ್ದು ಸರಿಯಾಗಿ ಈ ಬದಲಾವಣೆಯ ಹೊತ್ತಿಗೆ, ಹಾಗಾಗಿ ಐದು ಸ್ಕ್ರೂ ಇರುವ .44ಗಳು ಸ್ವಲ್ಪವೇ. ಕೋಲ್ಟ್‌ನ ಪೈಥಾನ್ ಕೂಡ 1955ರದ್ದು. 2020ರಲ್ಲಿ ಕಂಪನಿ ಅದನ್ನು ಹೊಸ ವಿನ್ಯಾಸದಲ್ಲಿ ಮತ್ತೆ ತಂದಿತು, ಈಗ ಮಾರುವವರು ಹಳೇ ಪೈಥಾನ್, ಹೊಸ ಪೈಥಾನ್ ಅಂತ ಬಿಡಿಸಿ ಹೇಳಲೇಬೇಕಾಗಿದೆ.