ಪೌತಿ ಖಾತೆಯ ಒಪ್ಪಿಗೆ ಬೇರೆ, ಹಕ್ಕು ಬಿಡುಗಡೆ ಬೇರೆ

ತಂದೆ ತೀರಿಕೊಂಡ ಮೇಲೆ ಜಮೀನನ್ನು ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಿಸುವ ಕೆಲಸ ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಗಂಡುಮಕ್ಕಳ ಓಡಾಟದಲ್ಲೇ ಮುಗಿಯುತ್ತದೆ. ವಂಶವೃಕ್ಷ ಬರೆಸುವಾಗ ಮದುವೆಯಾದ ಹೆಣ್ಣುಮಕ್ಕಳ ಹೆಸರನ್ನು ಕೆಲವರು ಬಿಟ್ಟೇಬಿಡುತ್ತಾರೆ. ಇನ್ನು ಕೆಲವರು ಹೆಸರು ಸೇರಿಸಿ, ಅಣ್ಣನ ಹೆಸರಿಗೆ ಖಾತೆಯಾಗಲು ತಕರಾರಿಲ್ಲವೆಂಬ ಹೇಳಿಕೆಗೆ ಅವರ ಸಹಿ ಪಡೆಯುತ್ತಾರೆ. ಹೀಗೆ ಸಹಿ ಹಾಕಿದವರು ವರ್ಷಗಳ ನಂತರ ಕಚೇರಿಗೆ ಬಂದು ಕೇಳುವುದು ಒಂದೇ ಪ್ರಶ್ನೆ: “ಅವತ್ತೇ ಸೈನ್ ಹಾಕ್ಬಿಟ್ಟಿದ್ದೀನಿ ಸರ್, ಇನ್ನು ನನಗೇನಾದ್ರೂ ಇದೆಯಾ?”

ಇದೆ. ಪಹಣಿಯಲ್ಲಿ ಮಾಲೀಕರ ಹೆಸರು ಬರೆಯುವ 9ನೇ ಕಲಂನಲ್ಲಿ ಒಬ್ಬರದೇ ಹೆಸರು ಬಂದ ಮಾತ್ರಕ್ಕೆ ಉಳಿದವರ ಪಾಲು ಅಳಿಸಿಹೋಗುವುದಿಲ್ಲ. ಪಹಣಿ ಕಂದಾಯದ ದಾಖಲೆಯೇ ಹೊರತು ಮಾಲೀಕತ್ವವನ್ನು ಹುಟ್ಟಿಸುವ ಪತ್ರವಲ್ಲ ಎಂಬುದನ್ನು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಆದರೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಿದ ಹಕ್ಕು ಬಿಡುಗಡೆ ಪತ್ರದ ಮಾತೇ ಬೇರೆ. ಅದಕ್ಕೆ ಸಹಿ ಬಿದ್ದರೆ ಪಾಲು ನಿಜವಾಗಿಯೂ ಹೋಗುತ್ತದೆ. ಮೋಸದಿಂದ ಅಥವಾ ಒತ್ತಾಯದಿಂದ ಬರೆಸಿಕೊಂಡರೆಂದು ಸಾಬೀತು ಮಾಡುವ ಹೊಣೆ ಸಹಿ ಹಾಕಿದವಳ ಮೇಲೆಯೇ ಬೀಳುತ್ತದೆ. ಇಂಥ ಪತ್ರಗಳಲ್ಲಿ “ನನ್ನ ಭಾಗದ ಬಾಬ್ತು ಹಣವನ್ನು ಈ ದಿನ ನಗದಾಗಿ ಪಡೆದಿರುತ್ತೇನೆ” ಎಂಬ ಸಾಲು ಇರುವುದುಂಟು. ಒಂದು ರೂಪಾಯಿಯೂ ಕೈಗೆ ಬಾರದೆ ಆ ಸಾಲಿನ ಕೆಳಗೆ ಹೆಬ್ಬೆಟ್ಟು ಒತ್ತಿದ ತಾಯಂದಿರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಪತ್ರವನ್ನು ಮನೆಯವರಲ್ಲದ ಯಾರಿಂದಲಾದರೂ ಪೂರ್ತಿ ಓದಿಸಿಕೇಳದೆ ಸಹಿ ಹಾಕಬೇಡಿ.

ಕರ್ನಾಟಕವು 1994ರಲ್ಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತಾದರೂ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. ಮಗಳಿಗೆ ಈ ಪಾಲು ಸಿಗಲು ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಆಗಿಹೋದ ಕ್ರಯ, ವಿಭಾಗಗಳನ್ನು ಮಾತ್ರ ಕಾನೂನು ಕೆದಕುವುದಿಲ್ಲ. ತಂದೆಯ ಸ್ವಯಾರ್ಜಿತ ಆಸ್ತಿಯಾಗಿದ್ದು ಅವರು ಉಯಿಲು ಬರೆಯದೆ ತೀರಿಕೊಂಡಿದ್ದರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಮದುವೆಗೆ ಖರ್ಚು ಮಾಡಿ ಒಡವೆ ಹಾಕಿದ್ದೇವೆ ಎಂಬುದು ಆಸ್ತಿಯ ಪಾಲಿಗೆ ಉತ್ತರವಾಗುವುದಿಲ್ಲ.

ಅಣ್ಣತಮ್ಮಂದಿರ ಕಷ್ಟವೂ ಸುಳ್ಳಲ್ಲ. ಜಂಟಿ ಖಾತೆಯಿದ್ದರೆ ಸಹಕಾರ ಸಂಘದ ಬೆಳೆ ಸಾಲಕ್ಕೂ ಎಲ್ಲರ ಸಹಿ ಕೇಳುತ್ತಾರೆ. ಸಕಲೇಶಪುರದ ತೋಟದ ಸಾಲಕ್ಕಾಗಿ ಬೆಂಗಳೂರಿನಲ್ಲಿರುವ ತಂಗಿಯನ್ನು ಪ್ರತಿ ಸಲ ಕರೆಸುವುದು ಸುಲಭವಲ್ಲ. ಅದಕ್ಕೆ ದಾರಿ ಜಮೀನಿನ ಭಾಗಗಳನ್ನು ಅಳೆದು ತೋರಿಸುವ 11ಇ ನಕ್ಷೆ ಮಾಡಿಸಿ, ಯಾರ ಪಾಲು ಎಲ್ಲಿ ಎಂದು ನಮೂದಿಸಿ ವಿಭಾಗ ಪತ್ರ ನೋಂದಾಯಿಸುವುದು. ತಂಗಿಗೆ ಜಮೀನು ಬೇಡವಾದರೆ ಅವಳ ಪಾಲಿನ ಹಣವನ್ನು ಬ್ಯಾಂಕ್ ಮೂಲಕವೇ ಕೊಟ್ಟು ಬಿಡುಗಡೆ ಬರೆಸಿಕೊಳ್ಳಲಿ. ಗೌರಿ ಹಬ್ಬದ ಬಾಗಿನ ನಿಂತುಹೋದೀತೆಂಬ ಭಯಕ್ಕೆ ಹೆಣ್ಣುಮಕ್ಕಳು ಬಾಯಿ ಮುಚ್ಚಿಕೊಳ್ಳುವುದನ್ನು ಒಪ್ಪಿಗೆಯೆಂದು ತಿಳಿಯುವುದು ಅನ್ಯಾಯ.

ತಡ ಮಾಡುವುದೂ ಅಪಾಯವೇ. ತನ್ನನ್ನು ಪಾಲಿನಿಂದ ಹೊರಗಿಟ್ಟಿದ್ದಾರೆಂದು ತಿಳಿದ 12 ವರ್ಷಗಳೊಳಗೆ ವಿಭಾಗದ ದಾವೆ ಹೂಡಬೇಕು. ವಕೀಲರ ಶುಲ್ಕಕ್ಕೆ ಹೆದರಬೇಕಾಗಿಲ್ಲ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಆದಾಯ ಎಷ್ಟೇ ಇದ್ದರೂ ಮಹಿಳೆಯರಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ಪಹಣಿ, ಖಾತೆ ಬದಲಾವಣೆಯ (ಮ್ಯುಟೇಶನ್) ಪ್ರತಿ, ವಂಶವೃಕ್ಷ ಮತ್ತು ತಂದೆಯ ಮರಣ ಪ್ರಮಾಣಪತ್ರ ಹಿಡಿದು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ಹೋಗಬಹುದು, ಇಲ್ಲವೇ 15100ಕ್ಕೆ ಕರೆ ಮಾಡಬಹುದು.