ತೇವಾಂಶ ಸೆನ್ಸರ್: ನೀರು ಹೀರುವುದು ಸುಲಭ, ಬಿಡುವುದೇ ಕಷ್ಟ

ಗಾಳಿಯ ತೇವ ಅಳೆಯುವ ಸೆನ್ಸರ್ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ, ಎಷ್ಟು ಸೂಕ್ಷ್ಮ ಅಂತ. ಹೀರಿದ ನೀರನ್ನು ಅದು ಎಷ್ಟು ಬೇಗ, ಎಷ್ಟು ಪೂರ್ತಿಯಾಗಿ ಬಿಡುತ್ತದೆ ಅಂತ ಯಾರೂ ಕೇಳುವುದಿಲ್ಲ. ಇನ್ನೂರು ವರ್ಷಗಳಿಂದ ಜಾಸ್ತಿ ಕಾಡಿದ್ದು ಮಾತ್ರ ಅದೇ.

1783ರಲ್ಲಿ ಜಿನೀವಾದ ವಿಜ್ಞಾನಿ ಸೊಸ್ಯೂರ್ ಮನುಷ್ಯರ ಕೂದಲಿನಿಂದ ತೇವ ಅಳೆಯುವ ವಿಧಾನವನ್ನು ಪುಸ್ತಕದಲ್ಲಿ ವಿವರಿಸಿದರು. ಪೂರ್ತಿ ಒಣ ಗಾಳಿಯಿಂದ ಪೂರ್ತಿ ತೇವದ ಗಾಳಿಗೆ ಹೋದರೂ ಕೂದಲು ಉದ್ದವಾಗುವುದು ಶೇ 2ರ ಆಸುಪಾಸು, ಚಳಿಯಲ್ಲಂತೂ ತೀರಾ ನಿಧಾನ. ಹವಾಮಾನ ಬಲೂನಿನ ಕಾಲಕ್ಕೆ ಇದು ಸಾಲಲಿಲ್ಲ. ಕೂದಲು ಹೊಂದಿಕೊಳ್ಳುವಷ್ಟರಲ್ಲಿ ಬಲೂನು ಎಷ್ಟೋ ಮೇಲೆ ಹೋಗಿರುತ್ತಿತ್ತು.

ಆಗ ಬಂದದ್ದು ಲಿಥಿಯಂ ಕ್ಲೋರೈಡ್. 1938ರಲ್ಲಿ ಅಮೆರಿಕದ ಫ್ರಾನ್ಸಿಸ್ ಡನ್ಮೋರ್ ಈ ಉಪ್ಪು ಬಳಿದ ವಿದ್ಯುತ್ ಮಾಪಕದ ಬಗ್ಗೆ ಬರೆದರು. ತೇವ ಹೀರಿದಂತೆ ಅದರ ರೋಧ, ಅಂದರೆ ವಿದ್ಯುತ್ ಹರಿಯಲು ಇರುವ ಅಡ್ಡಿ, ಇಳಿಯುತ್ತದೆ. ಎಷ್ಟು ಸೂಕ್ಷ್ಮವೆಂದರೆ, ಒಂದೊಂದು ತುಂಡೂ ತೇವದ ಸಣ್ಣ ವ್ಯಾಪ್ತಿಯಲ್ಲಷ್ಟೇ ಕೆಲಸ ಮಾಡುತ್ತಿತ್ತು, ಹಾಗಾಗಿ ಹಲವನ್ನು ಜೋಡಿಸಬೇಕಿತ್ತು. ಮೇಲೆ ನೀರು ಕೂತರೆ ಉಪ್ಪೇ ಕರಗಿ ಹೋಗುತ್ತಿತ್ತು.

ದೊಡ್ಡ ತಿರುವು 1973ರದ್ದು. ಫಿನ್ಲೆಂಡಿನ ವೈಸಾಲಾ ಕಂಪನಿ ಪಾಲಿಮರ್ (ಪ್ಲಾಸ್ಟಿಕ್‌ನಂಥ ವಸ್ತು) ಪದರದ ಕೆಪಾಸಿಟರ್ ಸೆನ್ಸರ್ ತಂದಿತು. ಕೆಪಾಸಿಟರ್ ಅಂದರೆ ಎರಡು ಎಲೆಕ್ಟ್ರೋಡ್‌ಗಳ ನಡುವೆ ವಿದ್ಯುತ್ ಆವೇಶ ಹಿಡಿದಿಡುವ ಭಾಗ, ಅದು ಎಷ್ಟು ಹಿಡಿಯಬಲ್ಲದು ಅನ್ನುವುದೇ ಕೆಪಾಸಿಟೆನ್ಸ್. ಗಾಜಿನ ಮೇಲೆ ಒಂದು ಎಲೆಕ್ಟ್ರೋಡ್, ಅದರ ಮೇಲೆ ಪಾಲಿಮರ್, ಅದಕ್ಕೂ ಮೇಲೆ ಆವಿ ದಾಟಿ ಹೋಗುವಷ್ಟು ತೆಳುವಾದ ಲೋಹ. ನಡುವಿನ ವಸ್ತು ಕೆಪಾಸಿಟೆನ್ಸನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಅನ್ನುವ ಡೈಎಲೆಕ್ಟ್ರಿಕ್ ಸ್ಥಿರಾಂಕ ಒಣ ಪಾಲಿಮರ್‌ಗೆ 3ರ ಹತ್ತಿರ, ನೀರಿಗೆ ಸುಮಾರು 80. ಹಾಗಾಗಿ ಸ್ವಲ್ಪ ನೀರು ಸೇರಿದರೂ ಗೊತ್ತಾಗುತ್ತದೆ. ಆದರೂ ತೇವ ಶೇ 1 ಏರಿದರೆ ಕೆಪಾಸಿಟೆನ್ಸ್ ಬದಲಾಗುವುದು ಒಂದು ಪಿಕೋಫ್ಯಾರಡ್‌ಗಿಂತ (ಅದನ್ನು ಅಳೆಯುವ ತೀರಾ ಸಣ್ಣ ಮಾನ) ಕಡಿಮೆ, ಸೆನ್ಸರ್‌ಗೆ ಹೋಗುವ ವೈರಿನ ಕೆಪಾಸಿಟೆನ್ಸೇ ಅದಕ್ಕಿಂತ ಜಾಸ್ತಿ ಇರುತ್ತೆ ಅಲ್ವಾ! ಅದಕ್ಕೇ ಈಗ ಅಳೆಯುವ ಸರ್ಕ್ಯೂಟನ್ನೂ ಸೆನ್ಸರ್ ಇರುವ ಎಲೆಕ್ಟ್ರಾನಿಕ್ ಚಿಪ್‌ನಲ್ಲೇ ಇಡುತ್ತಾರೆ.

ಇನ್ನೂ ಸೂಕ್ಷ್ಮ ಬೇಕೆಂದರೆ ಸುಲಭದ ದಾರಿ ನೀರು ಹೀರುವ ಪದರದಲ್ಲಿ ಸಣ್ಣ ರಂಧ್ರಗಳನ್ನು ಹೆಚ್ಚಿಸುವುದು. ತೊಂದರೆ ಶುರುವಾಗುವುದೂ ಅಲ್ಲೇ. ತೀರಾ ಕಿರಿದಾದ ರಂಧ್ರದಲ್ಲಿ ಆವಿ ನೀರಾಗಿ ಕೂರುತ್ತದೆ, ಸುಮ್ನೆ ಗಾಳಿ ಒಣಗಿತು ಅಂತ ಹೊರಗೆ ಬರುವುದಿಲ್ಲ. ಪದರವನ್ನು ತೆಳು ಮಾಡುವ ದಾರಿ ನನಗೆ ಹೆಚ್ಚು ಸರಿ ಕಾಣುತ್ತದೆ. 2013ರಲ್ಲಿ ನೋಕಿಯಾ ಸಂಶೋಧಕರು ಸುಮಾರು 15 ನ್ಯಾನೋಮೀಟರ್ ದಪ್ಪದ ಗ್ರಾಫೀನ್ ಆಕ್ಸೈಡ್ (ಆಮ್ಲಜನಕ ಸೇರಿದ ತೆಳು ಇಂಗಾಲದ ಹಾಳೆ) ಪದರದಲ್ಲಿ ಸುಮಾರು 30 ಮಿಲಿಸೆಕೆಂಡಿನ ಪ್ರತಿಕ್ರಿಯೆ ತೋರಿಸಿದರು, ಅದೂ ಹೀರುವಾಗಲೂ ಬಿಡುವಾಗಲೂ.

ಸೆನ್ಸರ್ ಪರೀಕ್ಷಿಸಲು ಅಡುಗೆ ಉಪ್ಪೇ ಸಾಕು. ಮುಚ್ಚಿದ ಡಬ್ಬಿಯಲ್ಲಿ ಕರಗದೆ ಉಳಿಯುವಷ್ಟು ಉಪ್ಪು ಹಾಕಿ ಒದ್ದೆ ಮಾಡಿಟ್ಟರೆ ಒಳಗಿನ ತೇವ ಶೇ 75ರ ಹತ್ತಿರ ನಿಲ್ಲುತ್ತದೆ. ಒಣ ಗಾಳಿಯಿಂದ ತಂದು ಒಮ್ಮೆ, ತೇವದ ಗಾಳಿಯಿಂದ ತಂದು ಇನ್ನೊಮ್ಮೆ ಅದರೊಳಗೆ ಇಡಿ. ಸಾಕಷ್ಟು ಹೊತ್ತು ಬಿಟ್ಟ ಮೇಲೂ ಎರಡು ಅಂಕಿ ಬೇರೆ ಬಂದರೆ, ಸೆನ್ಸರ್ ನೀರನ್ನು ಹಿಡಿದಿಟ್ಟುಕೊಂಡಿದೆ ಅಂತಲೇ ಲೆಕ್ಕ.